ಬೆಲ್ಲ ತಿಂದು ನೀರು ಬಿಟ್ಟವರಿಗೆ

ಕಲ್ಯಾಣ ತಾಲೂಕು, ನಮ್ಮ ಪಾಡಾದಿಂದ
೧೮ ನವೆಂಬರ್ ೨೦೨೫

ಪ್ರೀತಿಯ ವಾಸಣ್ಣನಿಗೆ ತಂಗಿ ಜಯಲತಾಳ ನಮಸ್ಕಾರಗಳು.

ನೀವು, ಅತ್ತಿಗೆ, ರಿತೇಶ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನೌಪಾಡಾದ ಹೋಟೆಲು ಎಂದಿನಂತೆ ತುಂಬಿರುತ್ತದಂತೆ, ಕೇಳಿ ಸಂತೋಷವಾಯಿತು. ಬರೆಯುವುದು ತಡವಾಯಿತು, ಕೋಪಿಸಿಕೊಳ್ಳಬೇಡಿ. ಎರಡು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡಿದ್ದೇ ಆಯಿತು. ಆಮೇಲೆ ಫೋನ್ ಮಾಡಿದರೆ ನೀವು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀರಿ. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಹಿ ಹಾಕಿ ತೆಗೆದುಕೊಳ್ಳಬೇಕು, ಕಾಗದ ಬರಲೇ ಇಲ್ಲ ಎನ್ನುವಂತಿಲ್ಲ. ಮಾತು ತುಳುವಿನಲ್ಲಾದರೂ ಕಾಗದ ಕನ್ನಡದಲ್ಲೇ ಇರಬೇಕು ಎನ್ನುತ್ತಿದ್ದಳಲ್ಲ ಅಮ್ಮ, ನಾನು ಮರೆತಿಲ್ಲ.

ಮಗಳು ಸೌಜನ್ಯ ದಿವಾಕ್ಕೆ, ಗಂಡನ ಮನೆಗೆ ಹೋಗಿದ್ದಾಳೆ. ಕಣ್ಣಿನ ಹಳದಿ ಪೂರ್ತಿ ಇಳಿದಿದೆ. ನೀರಿನ ಲೋಟ ಕೊಟ್ಟರೆ ಮಾತ್ರ ಮೊದಲು ಮೂಗಿನ ಹತ್ತಿರ ಹಿಡಿದು ನೋಡುತ್ತಾಳೆ. ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವಳು ಆ ಕೆಲಸ ಬಿಟ್ಟಿದ್ದಾಳೆ. ಯಾಕೆಂದು ನಾನು ಕೇಳಲಿಲ್ಲ.

ಇವರು, ಅಂದರೆ ಹೋಟೆಲಿನಲ್ಲಿ ನೀವು "ಏ ಅಂಗಾರಾ" ಎಂದು ಕೂಗುತ್ತಿದ್ದ ಮನುಷ್ಯ, ಮನೆಯಿಂದ ಹೊರಗೆ ಬರುವುದಿಲ್ಲ. ಕೆಳಜಾತಿಯ ಕೆಲಸದವನನ್ನು ಕಟ್ಟಿಕೊಂಡಳೆಂದು ನೀವು ನನ್ನನ್ನು ಹೊರಗೆ ಹಾಕಿದಿರಿ. ಕೈಹಿಡಿದದ್ದು ಈ ಪಾಡಾ. ನಲವತ್ತು ಮನೆ, ಒಂದು ಬಾವಿ, ಒಂದು ಟಾಕಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಪಂಪು ಬಿಟ್ಟು, ಟಾಕಿ ತುಂಬಿಸುವ ಕೆಲಸ ಪಂಚಾಯತಿ ಇವರಿಗೇ ಕೊಟ್ಟಿತು. ಇಪ್ಪತ್ತೊಂದು ವರ್ಷ ಒಂದು ದಿನ ತಪ್ಪಿಸಿದವರಲ್ಲ. ಜ್ವರ ಬಂದ ದಿನ ನನ್ನನ್ನು ಕಳಿಸಿ, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

ಸೌಜನ್ಯ ಹುಟ್ಟಿದ ಮೇಲೆ ನಿಮ್ಮ ಸಿಟ್ಟು ಇಳಿಯಿತು, ಬಂದಿರಿ. ಊರಿನ ಕ್ರಮದಂತೆ ನಾನು ಬೆಲ್ಲ ನೀರು ತಂದಿಟ್ಟೆ. ನೀವು ಬೆಲ್ಲ ಬಾಯಿಗೆ ಹಾಕಿಕೊಂಡು ಲೋಟ ಎತ್ತಿ ಗಟಗಟ ಕುಡಿದಿರಿ. ಆ ದಿನ ಒಳಗೆ ಹೋಗಿ ಎಷ್ಟು ಅತ್ತೆನೆಂದು ನಿಮಗೆ ಗೊತ್ತಿಲ್ಲ. ಅಣ್ಣ ಇವರ ಮನೆಯ ನೀರು ಕುಡಿದ, ಇನ್ನೇನು ಬೇಕು ಎಂದುಕೊಂಡೆ. ಆ ಪ್ರೀತಿಯಿಂದಲೇ ಬಾವಿಯ ಮೇಲ್ಬದಿಯ ಜಾಗ ಮಾರಾಟಕ್ಕಿದೆ ಎಂದು ನಿಮಗೆ ತಿಳಿಸಿದವಳೂ ನಾನೇ. ನಿಮ್ಮ ಫಾರ್ಮ್‌ಹೌಸಿಗೆ ದಾರಿ ತೋರಿಸಿದ್ದು ನಾನು. ಅದಕ್ಕೆ ನನಗೆ ನಾನೇ ಕೊಡುವ ಶಿಕ್ಷೆ ಬೇರೆ ಇದೆ.

ಈ ಮೇ ತಿಂಗಳಲ್ಲಿ ಅಲ್ಲಿ ಆರು ರೂಮುಗಳ ಸಂಡಾಸಿಗೆ ಒಂದೇ ಗುಂಡಿ ತೋಡಿಸಿದಿರಿ. ಜೂನ್‌ನಲ್ಲಿ ನಮ್ಮ ಮನೆಗೆ ಬಂದಾಗ ಬೆಲ್ಲ ತಿಂದಿರಿ. ಲೋಟ ಮುಂದೆ ಹಿಡಿದರೆ "ನೀರ್ ಬೊಡ್ಚಿ ಜಯ, ಈಗಷ್ಟೇ ಕುಡಿದೆ" ಎಂದಿರಿ. ಇಷ್ಟು ವರ್ಷದ ಮೇಲೆ ಬೊಡ್ಚಿ, ಬೇಡ! ರಾತ್ರಿ ಊಟಕ್ಕೆ ಕೂತಾಗ ಇವರು, "ಹೋಗಲಿ ಬಿಡು ಮಾರಾಯ್ತಿ, ದೊಡ್ಡವರಾದರು. ಜಾತಿ ಮತ್ತೆ ನೆನಪಾಗಿರಬೇಕು" ಎಂದರು. ನಾನೂ ಹಾಗೇ ಅಂದುಕೊಂಡೆ.

ಮಳೆ ಹಿಡಿದ ಮೇಲೆ ಇವರಿಗೆ ಬಾವಿಯದ್ದೇ ಚಿಂತೆ. ನೀರಿಗೆ ಔಷಧದ ಹನಿ ಬಿಟ್ಟರೆ ಹಳದಿ ಬಣ್ಣ ಬರಬೇಕು, ಬಂದರೆ ಪೌಡರ್ ಉಳಿದಿದೆ ಎಂದರ್ಥ. ಬಣ್ಣವೇ ಬರುತ್ತಿರಲಿಲ್ಲ. ಎರಡರಷ್ಟು ಹಾಕಿದರು. ಹೆಂಗಸರು ವಾಸನೆ ಎಂದು ಬೈದರು. ಒಂದು ಗಂಟೆಯ ಮೇಲೆ ನೋಡಿದರೆ ಮತ್ತೆ ಬಣ್ಣವಿಲ್ಲದ ನೀರು. "ಬಾವಿಯೊಳಗೆ ಕೂತು ಯಾರೋ ಪೌಡರ್ ತಿನ್ನುತ್ತಿದ್ದಾರೆ ಜಯಾ" ಎನ್ನುತ್ತಿದ್ದರು. ಪಂಚಾಯತಿಗೆ ಎರಡು ಸಲ ಹೇಳಿದರು. ಮಳೆಗಾಲದಲ್ಲಿ ಇದ್ದದ್ದೇ ಎಂದರು ಅವರು.

ಸೆಪ್ಟೆಂಬರಿನಲ್ಲಿ ಹನ್ನೆರಡು ಜನಕ್ಕೆ ಕಾಮಾಲೆ. ಹನ್ನೆರಡನೆಯವಳು ಸೌಜನ್ಯ, ಆಗ ಅವಳು ಆರು ತಿಂಗಳ ಬಸುರಿ. ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು, ನಾನು ಕೈಯಲ್ಲಿ ಹಿಡಿದಿದ್ದೇನೆ.

ಅದರ ಮರುವಾರದ ಗ್ರಾಮಸಭೆಯಲ್ಲಿ ನೀವು ಮುಂದಿನ ಕುರ್ಚಿಯಿಂದ ಎದ್ದು ಸೊಗಸಾದ ಮರಾಠಿಯಲ್ಲಿ ಹೇಳಿದಿರಿ: ತಪ್ಪು ಪಾಣೀವಾಲಾನದ್ದು, ಪೌಡರ್ ಹಾಕಿರಲಿಕ್ಕಿಲ್ಲ, ನಮ್ಮ ಹೋಟೆಲಿನಲ್ಲೂ ಹೀಗೇ ಕಳ್ಳಬೀಳುತ್ತಿದ್ದ. ಮೊಮ್ಮಗಳನ್ನು ಮಣ್ಣು ಮಾಡಿ ಬಂದ ಮನುಷ್ಯನ ಎದುರು ನಿಂತು ಹೇಳಿದಿರಿ. ಪಂಪಿನ ಕೀಲಿ ಕಿತ್ತುಕೊಂಡರು. ಇವರು ಎದ್ದು ಮನೆಗೆ ನಡೆದರು. ಇವರ ಪರ ಮಾತಾಡಬೇಕಾದವಳು ನಾನೆಂದು ಅವತ್ತೇ ತೀರ್ಮಾನಿಸಿದೆ.

ಆಶಾ ಕಾರ್ಯಕರ್ತೆ ಸ್ನೇಹಲ್ ನನಗೆ ಒಂದು ಪುಟ್ಟ ಬಾಟಲಿ ಕೊಟ್ಟಳು. ಬಾವಿಯ ನೀರು ತುಂಬಿ ಇಟ್ಟರೆ, ಹೊಲಸು ಇದ್ದಲ್ಲಿ ಕಪ್ಪಾಗುತ್ತದೆ. ಬೆಳಿಗ್ಗೆ ನೋಡಿದರೆ ಕಾಡಿಗೆಯ ಹಾಗೆ ಕಪ್ಪು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಠಾಣೆ ಜಿಲ್ಲಾ ಆರೋಗ್ಯ ಕಚೇರಿಗೆ ನಾಲ್ಕು ಸಲ ಹೋದೆ. ಕೊನೆಗೆ ಬಂದು ಅಳೆದರು. ನಿಮ್ಮ ಗುಂಡಿಯಿಂದ ಬಾವಿಗೆ ಇಪ್ಪತ್ತೆಂಟು ಅಡಿ. ನೀರು ಕುಡಿಯುವಂತಿಲ್ಲವೆಂದು ಊರಿಗೆ ಲಾಲ್ ಕಾರ್ಡ್ ಕೊಟ್ಟು ಬಾವಿಗೆ ಬೀಗ ಹಾಕಿದರು. ನೀವು ಅವರಿಗೆ ಏನೆಂದಿರಿ? "ನನಗೇನು ಗೊತ್ತಿತ್ತು ಸಾಹೇಬ್, ಪಾಣೀವಾಲಾ ಪೌಡರ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ." ಜನ ಅದನ್ನೂ ನಂಬಿದರು.

ಆಗ ನಾನು ಲತೀಶನನ್ನು ಹುಡುಕಿದೆ, ನಿಮ್ಮ ಗುಂಡಿ ತೋಡಿದ ಮೇಸ್ತ್ರಿಯನ್ನು. ಮುಂಬ್ರಾದಲ್ಲಿ ಸಿಕ್ಕಿದ. ಮೊದಲು ಬಾಯಿ ಬಿಡಲಿಲ್ಲ. ಸೌಜನ್ಯಳ ಸುದ್ದಿ ಹೇಳಿದ ಮೇಲೆ ಅವನೇ ಅತ್ತ. "ಅಕ್ಕಾ, ಹತ್ತಡಿಗೇ ನೀರು ಬಂತು. ಸೇಠ್, ಇದು ಸೀದಾ ಕೆಳಗಿನ ಬಾವಿಗೆ ಹೋಗ್ತದೆ, ಜಾಗ ಬದಲಿಸುವಾ ಅಂತ ಹೇಳಿದೆ. ಅದಕ್ಕವರು, ಹೇಳಿದಷ್ಟು ಮಾಡಾ, ಕೆಳಗೆ ಪೌಡರ್ ಹಾಕ್ಲಿಕ್ಕೆ ನಮ್ಮ ಜನವೇ ಉಂಟು ಅಂದ್ರು." ಅವನು ಇದನ್ನು ಬರೆದು ಸಹಿ ಹಾಕಿದ್ದಾನೆ. ಝೆರಾಕ್ಸ್ ಈ ಕಾಗದದ ಜೊತೆಗಿದೆ.

ಈಗ ಆಮಂತ್ರಣ. ಮೂವತ್ತನೇ ತಾರೀಕು ಭಾನುವಾರ ಹತ್ತಕ್ಕೆ ವಿಶೇಷ ಗ್ರಾಮಸಭೆ. ನೀವು ಬರಬೇಕು. ಬರದಿದ್ದರೆ ಲತೀಶ ಸಭೆಯಿಂದಲೇ ನೇರ ಪೊಲೀಸ್ ಚೌಕಿಗೆ ಹೋಗುತ್ತಾನೆ, ನಾನೂ ಜೊತೆಗೆ. ಬಂದರೆ ನಿಮಗೆ ಅದೇ ಮುಂದಿನ ಕುರ್ಚಿ. ಅಮ್ಮನ ಹಿತ್ತಾಳೆ ಲೋಟವನ್ನು ಹುಣಸೆಹುಳಿ ಹಾಕಿ ತಿಕ್ಕಿಟ್ಟಿದ್ದೇನೆ. ಬಾವಿಗೆ ಬೀಗ ಬೀಳುವ ಮೊದಲು ಒಂದು ಕೊಡ ನೀರನ್ನೂ ಎತ್ತಿಟ್ಟಿದ್ದೇನೆ. ಇಡೀ ಪಾಡಾದ ಎದುರು ನಿಮಗೆ ಬೆಲ್ಲ ನೀರು ಕೊಡುತ್ತೇನೆ. ಕುಡಿಯಿರಿ, ಇಲ್ಲವೇ ಯಾಕೆ ಕುಡಿಯುವುದಿಲ್ಲ ಎಂದು ಅದೇ ಸೊಗಸಾದ ಮರಾಠಿಯಲ್ಲಿ ಎಲ್ಲರಿಗೂ ಹೇಳಿ. ಇವರ ಹೆಸರು ನೀವು ಕೆಡಿಸಿದ ಜಾಗದಲ್ಲೇ, ನಿಮ್ಮ ಬಾಯಿಂದಲೇ ವಾಪಸು ಬರಬೇಕು. ನಿಮ್ಮ ತಲೆ ತಗ್ಗುವುದನ್ನು ನಾನು ಕಣ್ಣಾರೆ ನೋಡಬೇಕು. ಇದು ಸೇಡು, ಬೇರೆ ಹೆಸರಿಟ್ಟು ಬಚ್ಚಿಡುವುದಿಲ್ಲ.

ರಿತೇಶನಿಗೆ ಅತ್ತೆಯ ಆಶೀರ್ವಾದ ಹೇಳಿ. ಅವನ ಮದುವೆಯಾಗಿ ಮಕ್ಕಳು ಮನೆತುಂಬಾ ಓಡಾಡಲಿ, ಆ ಮಕ್ಕಳು ಕುಡಿಯುವ ನೀರು ಚೊಕ್ಕವಾಗಿರಲಿ. ಅತ್ತಿಗೆಗೆ ನಮಸ್ಕಾರ. ನಿಮ್ಮ ಕಾಲಿಗೆ ಮಾತ್ರ ಈ ಸಲ ನಮಸ್ಕಾರ ಬರೆಯುತ್ತಿಲ್ಲ.

ಇಂತಿ,
ನಿಮ್ಮ ಒಬ್ಬಳೇ ತಂಗಿ
ಜಯಲತಾ

ತಾ.ಕ.: ಜುಲೈ ಕೊನೆಗೆ ಸೌಜನ್ಯ ಆಟಿ ತಿಂಗಳಿಗೆಂದು ತವರಿಗೆ ಬಂದಿದ್ದಾಗ ನೀವು ಹಲಸಿನ ಹಣ್ಣು ತಂದಿದ್ದಿರಿ. ಆವತ್ತೂ ಬೆಲ್ಲ ತಿಂದು ಲೋಟ ಸರಿಸಿದಿರಿ. "ಮಾಮಾ, ವೇಸ್ಟ್ ಯಾಕೆ? ಇಧರ್ ದೋ, ನಾನೇ ಕುಡೀತೇನೆ" ಎಂದು ಅವಳು ನಿಮ್ಮ ಕೈಯಿಂದಲೇ ಲೋಟ ತೆಗೆದುಕೊಂಡಳು. ನೀವು ಏನೋ ಹೇಳಲು ಬಾಯಿ ತೆರೆದಿರಿ, ನಾನು ನೋಡಿದೆ. ಅವಳು ಕುಡಿದು ಮುಗಿಸುವವರೆಗೂ ನೋಡುತ್ತಾ ಕೂತಿರಿ. ಆಮೇಲೆ ಹಣ್ಣು ಸಿಹಿ ಇದೆಯಾ ಎಂದು ಕೇಳಿದಿರಿ. ಜಾತಿಗೆಂದು ನೀರು ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ ಅಣ್ಣಾ.