ರಶೀದಾ ಮೇಡಂಗೆ, ಮೊದಲನೇ ಹಬ್ಬದ ಸಾಯಂಕಾಲ

ಇಲ್ಲ, ಇದೂ ಸರಿಹೋಗ್ಲಿಲ್ಲ. ಕ್ಷಮಿಸಿ ಮೇಡಂ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ಮೂರನೇ ಸಲ. ಮೊದಲನೇ ಸಲ ಬರೀ ಬಿಸಿಲಿನ ವಿಷಯ ಹೇಳೋದ್ರಲ್ಲೇ ರೆಕಾರ್ಡಿಂಗ್ ಟೈಮ್ ಮುಗಿದೋಯ್ತು, ಎರಡನೇ ಸಲ ನನ್ನ ಹುಟ್ಟು ಬೆಳವಣಿಗೆ ಹೇಳೋಕೆ ಹೋಗಿ ನಿಮ್ಮ ಹತ್ರ ಬರೋಷ್ಟರಲ್ಲಿ ಕಟ್ಟಾಯ್ತು. ನಾನು ಮಾತು ಜಾಸ್ತಿ. ಈ ಸಲ ನೇರವಾಗಿ ಹೇಳಿಬಿಡ್ತೀನಿ.

ನನ್ನ ಹೆಸರು ಕರಿಯಣ್ಣ. ಶಿರಾದೋನೇ. ಇವತ್ತು ಏಪ್ರಿಲ್ ಮೂವತ್ತೊಂದು, ಎರಡು ಸಾವಿರದ ನೂರ ನಲವತ್ಮೂರನೇ ಇಸವಿ. ಏಪ್ರಿಲ್‌ನಲ್ಲಿ ಮೂವತ್ತೊಂದು ಎಲ್ಲಿಂದ ಬಂತು ಅಂತೀರ. ಮೇ ತಿಂಗಳ ಬಿಸಿಲು ತಡೆಯೋಕಾಗಲ್ಲ ಅಂತ ಅದರಿಂದ ಒಂದು ದಿನ ಕಿತ್ತು ಏಪ್ರಿಲ್ಲಿಗೆ ಹಾಕಿದಾರೆ. ಬಿಸಿಲು ಒಂದು ದಿನ ಕಮ್ಮಿ ಆಯ್ತಾ ಅಂದ್ರೆ ಇಲ್ಲ, ಆದ್ರೆ ಕೇಳೋಕೆ ಸಮಾಧಾನ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೂ ಈಗಲೇ ಕ್ಷಮೆ ಕೇಳ್ಕೋತೀನಿ. ನೀವು ಕೇಳ್ತಾ ಇರೋದಕ್ಕೆ ನಾವು ಹಿಂದೋಲೆ ಅಂತೀವಿ. ಐವತ್ತು ತುಂಬಿದ ಪ್ರತಿಯೊಬ್ಬರಿಗೂ, ಹಿಂದೆ ಆಗಿಹೋದ ಯಾರಿಗಾದ್ರೂ ಒಂದೇ ಒಂದು ಸಲ ಮಾತು ಕಳಿಸೋ ಹಕ್ಕಿದೆ. ನಿಮ್ಮ ಫೋನಿಗೆ ಯಾವ್ದೋ ಗೊತ್ತಿಲ್ಲದ ನಂಬರಿಂದ ವಾಯ್ಸ್ ಮೆಸೇಜ್ ಬಂದಂಗೆ ಬರುತ್ತೆ. ಎಲ್ಲರೂ ಮುತ್ತಾತಂಗೋ ಮುತ್ತಜ್ಜಿಗೋ ಕಳಿಸ್ತಾರೆ. ನಾನು ನಿಮಗೆ ಅಂದಾಗ ನನ್ನ ಹೆಂಡತಿ, "ಸ್ವಂತ ಮುತ್ತಾತನ್ನ ಬಿಟ್ಟು ಯಾರೋ ಲೈಬ್ರರಿ ಮೇಡಂಗಾ?" ಅಂದ್ಲು. ನನ್ನ ಮಗಳು ಪುಟ್ಟಗೌರಿ ಇದಾಳಲ್ಲ, ಹನ್ನೊಂದು ವರ್ಷ, ಅವಳು, "ಪಾಪ, ಸತ್ತೋರಿಗೂ ನಿನ್ನ ಬಾಯಿಂದ ಬಿಡುಗಡೆ ಇಲ್ವಾ ಅಪ್ಪ" ಅಂದ್ಲು. ಆಶ್ಚರ್ಯ ಪಡಬೇಡಿ, ನಮ್ಮ ಕಾಲದಲ್ಲಿ ಹಳೇ ಹೆಸರೇ ಫ್ಯಾಷನ್ನು, ಅವಳ ಕ್ಲಾಸಲ್ಲಿ ಮೂರು ಜನ ಪುಟ್ಟಗೌರಿ ಇದಾರೆ.

ಈ ಓಲೆ ನಿಮಗೆ ಮಕ್ಕಳ ಪುಸ್ತಕದ ಹಬ್ಬ ಮುಗಿದ ಸಾಯಂಕಾಲ ಸಿಗ್ಲಿ ಅಂತ ಬರೆಸಿದೀನಿ. ನೀವು ಮಾಡಿದ ಮೊದಲನೇ ಹಬ್ಬ. ಲೈಬ್ರರೀಲಿ ಒಬ್ರೇ ಕೂತಿದೀರ, ಮುಂದೆ ರಿಜಿಸ್ಟರ್ ಇದೆ, ಅದ್ರಲ್ಲಿ ನೀವು ಏನು ಬರೆದಿದೀರ ಅಂತಾನೂ ನಂಗೆ ಗೊತ್ತು. "ಎಲ್ಲವೂ ಗೊಂದಲವಾಯಿತು. ತಪ್ಪು ನನ್ನದೇ. ಇನ್ನು ಮುಂದೆ ಇಂಥ ಕಾರ್ಯಕ್ರಮ ಬೇಡ." ಆ ರಿಜಿಸ್ಟರ್ ಈಗ ಗಾಜಿನ ಪೆಟ್ಟಿಗೇಲಿದೆ ಮೇಡಂ. ನಾನು ಚಿಕ್ಕೋನಿದ್ದಾಗಿಂದ ನೋಡ್ತಾ ಇದೀನಿ. ಕೊನೇ ಸಾಲಲ್ಲಿ ಪೆನ್ನು ಎಷ್ಟು ಒತ್ತಿದೀರ ಅಂದ್ರೆ ಮುಂದಿನ ಪುಟದಲ್ಲೂ ಕಾಣುತ್ತೆ.

ಏನಾಯ್ತು ಅಂತ ನಿಮಗೇ ಗೊತ್ತಿದೆ, ಆದ್ರೂ ನಮ್ಮೂರಲ್ಲಿ ಅದನ್ನ ಹೆಂಗೆ ಹೇಳ್ತಾರೆ ಅಂತ ಕೇಳಿ. ನಲವತ್ತೊಂದು ಮಕ್ಕಳು ಕಥೆ ಬರ್ಕೊಂಡು ಬಂದಿದ್ವು. ತೀರ್ಪು ಕೊಡೋ ಇಬ್ಬರು ಮೇಷ್ಟ್ರಿಗೆ ಯಾರದ್ದು ಅಂತ ಗೊತ್ತಾಗಬಾರದು ಅಂತ ನೀವು ಹಾಳೆ ಮೇಲೆ ಹೆಸರು ಬರೆಸಲಿಲ್ಲ, ನಂಬರ್ ಚೀಟಿ ಇಟ್ರಿ. ಗುಂಡುಪಿನ್ನು ಇಪ್ಪತ್ತಕ್ಕೇ ಮುಗಿದೋಯ್ತು, ಮಿಕ್ಕ ಚೀಟಿ ಸುಮ್ನೆ ಸಿಗಿಸಿದ್ರಿ. ಕರೆಂಟ್ ಹೋಗಿತ್ತು, ಫ್ಯಾನ್ ರೆಗ್ಯುಲೇಟರ್ ಐದರಲ್ಲೇ ಇತ್ತು. ಕರೆಂಟ್ ಬಂತು. ಚೀಟಿ, ಹಾಳೆ ಎಲ್ಲಾ ಹಾಲ್ ತುಂಬ. ಮಕ್ಕಳು ಚಿತ್ರಾನ್ನ ತಿಂದ ಕೈಯಲ್ಲೇ ಎಳೆದಾಡ್ತಾ ಇದ್ವು, ಹಾಳೆ ಹರಿಯೋಕೆ ಶುರುವಾಯ್ತು, ಮೇಷ್ಟ್ರು ವಾಚ್ ನೋಡ್ತಾ ಇದ್ರು. ಆಗ ನೀವು ಸಾಕಾಗಿ ಜೋರಾಗಿ ಹೇಳಿದ್ರಿ, "ಬಿಡ್ರಪ್ಪ, ಯಾರ ಕೈಲಿ ಯಾವ್ದಿದೆಯೋ ಅದನ್ನೇ ಓದಿ." ಸರಿ, ಹಂಗೇ ಓದಿದ್ರು. ಬಹುಮಾನ ಕೊಡೋಕಾಗಲಿಲ್ಲ. ಒಬ್ಬರು ತಾಯಿ, "ನಮ್ಮ ಹುಡುಗ ಬರೆದಿದ್ದನ್ನ ಇನ್ಯಾರೋ ಓದಿದ್ರೆ ಪ್ರೈಜ್ ಯಾರಿಗ್ ಕೊಡ್ತೀರ?" ಅಂತ ನಿಮ್ಮ ಮೇಲೆ ರೇಗಿದ್ರು. ಅದೂ ರಿಜಿಸ್ಟರಲ್ಲಿದೆ.

ಮೇಡಂ, ನಿಮ್ಮ ಆ ತಪ್ಪೇ ಇವತ್ತು ನಮ್ಮ ಹಬ್ಬದ ಪದ್ಧತಿ. ಇಲ್ಲಿ ಯಾರೂ ಅವರು ಬರೆದಿದ್ದನ್ನ ಅವರೇ ಓದಲ್ಲ. ಒಂದು ತಿಂಗಳ ಮುಂಚೆ ಒಬ್ಬರ ಹಾಳೆ ಇನ್ನೊಬ್ಬರಿಗೆ ಹೋಗುತ್ತೆ, ಹೆಸರಿಲ್ಲದೇನೇ. ಬಹುಮಾನ ಇಲ್ಲ. ಓದಿ ಮುಗಿದ ಮೇಲೆ ಬರೆದೋರು ಎದ್ದು ನಿಲ್ತಾರೆ, ಓದಿದೋರು ಹಾಳೆ ವಾಪಸ್ ಕೊಡ್ತಾ ಎಲ್ಲಿ ತಡವರಿಸಿದೆ ಅಂತ ಒಂದು ಜಾಗ ತೋರಿಸಬೇಕು. ಚೆನ್ನಾಗಿದೆ ಅನ್ನೋ ಹಂಗಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಅರ್ಥ ಆಗಬೇಕು ಅಂದ್ರೆ ನಮ್ಮ ದಿನ ಹೆಂಗಿರುತ್ತೆ ಹೇಳ್ಬೇಕು. ನಮ್ಮ ಬೀದಿಗಳಿಗೆಲ್ಲ ಮೇಲೆ ಚಾವಣಿ ಹಾಕಿದಾರೆ, ನೆರಳೋಣಿ ಅಂತೀವಿ. ಅದರ ಎರಡೂ ಕಡೆ ಹೇಳುಗೋಡೆ. ಅಂದ್ರೆ ಬರೆದಿರೋದನ್ನೆಲ್ಲ ಗೋಡೇನೇ ಓದಿ ಹೇಳುತ್ತೆ. ಅಂಗಡಿ ಬೋರ್ಡು, ಔಷಧಿ ಡಬ್ಬಿ, ಮದುವೆ ಕಾಗದ, ಪಾಠ, ಎಲ್ಲಾ ಕಿವಿಗೇ. ಕಣ್ಣಲ್ಲಿ ಓದೋದನ್ನ ನಾವು ಕಣ್ಣೋದು ಅಂತೀವಿ. ಈಜು ಕಲಿತಂಗೆ ಅದು, ಬೇಕಾದೋರು ಕಲೀತಾರೆ. ಆದ್ರೆ ಶಿರಾದ ಮಕ್ಕಳು ಮಾತ್ರ ಎಲ್ಲರೂ ಕಲೀತಾರೆ, ಯಾಕಂದ್ರೆ ಹಬ್ಬದಲ್ಲಿ ಇನ್ನೊಬ್ಬರ ಕೈಬರಹ ಓದ್ಬೇಕಲ್ಲ, ಅದು ಯಾವ ಗೋಡೆಗೂ ಅರ್ಥ ಆಗಲ್ಲ. ಪುಟ್ಟಗೌರಿಗೆ ಈ ಸಲ ಬಂದಿರೋ ಹಾಳೆಯಂತೂ ಇರುವೆ ಸಾಲಿಗೆ ಕಲ್ಲೆಸೆದಂಗಿದೆ. ಒಂದು ತಿಂಗಳಿಂದ ಮನೇಲಿ ಅದೇ. ಊಟಕ್ಕೆ ಕೂತಾಗ್ಲೂ, "ಅಪ್ಪ, ಇದು 'ಮನೆ'ನಾ 'ಮೊನ್ನೆ'ನಾ? ಯಾರಿದು, ಕೈಗೆ ಸಿಗ್ಲಿ" ಅಂತಾಳೆ. ಈಗ ಒಂದು ವಾರದಿಂದ ಬೈಯೋದು ನಿಂತಿದೆ. ನಿನ್ನೆ ನೋಡ್ತೀನಿ, ಹಾಳೇನ ದಿಂಬಿನ ಕೆಳಗೆ ಮಡಚದಂಗೆ ಇಟ್ಕೊಂಡಿದಾಳೆ. ಇವತ್ತು ಹಬ್ಬ, ಒಳಗೆ ಅವಳ ಸರದಿಗೆ ಕಾಯ್ತಾ ಇದಾಳೆ.

ಇಷ್ಟಕ್ಕೆ ಥ್ಯಾಂಕ್ಸ್ ಹೇಳಿ ಮುಗಿಸಬಹುದಾಗಿತ್ತು. ಹಿಂದೋಲೆ ಆಫೀಸಿನೋರೂ ಅದನ್ನೇ ಹೇಳಿದ್ರು: ಥ್ಯಾಂಕ್ಸ್ ಎಷ್ಟು ಬೇಕಾದ್ರೂ ಹೇಳಿ, ಏನನ್ನೂ ಕೇಳ್ಬೇಡಿ, ಆಗಿಹೋಗಿದ್ದು ಬದಲಾಗಲ್ಲ. ಆದ್ರೆ ನಾನೊಂದು ಕೇಳ್ಬೇಕು.

ನಿಮ್ಮ ಆ ಹಾಲಲ್ಲಿ ಇವತ್ತು ಮೋನಿಷಾ ಅಂತ ಒಬ್ಬಳು ಹುಡುಗಿ ಇದ್ಲು. ಹನ್ನೊಂದು ವರ್ಷ, ಎರಡು ಜಡೆ, ಮೂರನೇ ಸಾಲು. ಅವರಪ್ಪನ ಪಂಚರ್ ಅಂಗಡಿ ಬಗ್ಗೆ ಬರೆದಿದ್ಲು. ಟ್ಯೂಬನ್ನ ನೀರಿನ ಬೋಗುಣೀಲಿ ಮುಳುಗಿಸಿದಾಗ ತೂತಿಂದ ಗುಳ್ಳೆ ಬರುತ್ತಲ್ಲ, "ಟ್ಯೂಬು ತನಗೆ ಎಲ್ಲಿ ನೋವು ಅಂತ ಅಪ್ಪನ ಹತ್ರ ಮಾತ್ರ ಹೇಳುತ್ತೆ" ಅಂತ. ನಾವು ಟ್ಯೂಬು ನೋಡಿಲ್ಲ, ಆದ್ರೂ ಆ ಹಾಳೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅರಿಶಿನದ ಎಣ್ಣೆ ಕಲೆ ಇದೆ ಅದರ ಮೇಲೆ. ಅದನ್ನ ಓದಿದ ಹುಡುಗ ಗುಳ್ಳೆ ಜಾಗಕ್ಕೆ ಬಂದು ಓದೋದು ನಿಲ್ಲಿಸಿಬಿಟ್ಟ, ಮತ್ತೆ ಅದೇ ಸಾಲನ್ನ ಇನ್ನೊಂದು ಸಲ ಓದಿದ. ಯಾರೂ ಹೇಳಿರ್ಲಿಲ್ಲ ಅವನಿಗೆ.

ನಾನು ಮೋನಿಷಾ ಅವರನ್ನ ನೋಡಿದೀನಿ ಮೇಡಂ. ನಾನು ಒಂಬತ್ತು ವರ್ಷದೋನು, ನನ್ನ ಮೊದಲನೇ ಹಬ್ಬ, ಅವರಿಗೆ ಎಂಬತ್ತಾರು. ಮೋನಿಷಜ್ಜಿ ಅಂತಿದ್ವಿ. ನನ್ನ ಕಥೆ ಇನ್ಯಾರೋ ಓದ್ತಾರೆ ಅಂತ ಹೆದರಿ ನಾನು ಲೈಬ್ರರಿ ಹಿಂದಿನ ಹುಣಸೆಮರದ ಕೆಳಗೆ ಬಂದು ಕೂತಿದ್ದೆ, ಈಗ ಕೂತಿರೋ ಜಾಗಾನೇ. ಅವರು ಬಂದು ಪಕ್ಕ ಕೂತ್ರು. ಸಮಾಧಾನ ಮಾಡ್ತಾರೆ ಅಂದ್ಕೊಂಡ್ರೆ ಅವರದ್ದೇ ಕಥೆ ಶುರು ಮಾಡಿದ್ರು. "ನನ್ನ ಸಾಲನ್ನ ಆ ಹುಡುಗ ಎರಡು ಸಲ ಓದಿದ ಕಣೋ. ಮಾರನೇ ದಿನ ಹತ್ತು ಗಂಟೆಗೆ ಅಪ್ಪನ ಗಾಡೀಲಿ ಬಂದು ಲೈಬ್ರರಿ ಗೇಟ್ ಹತ್ರ ನಿಂತೆ. ಮೇಡಂ ಬಂದ್ರು. ಮುಂದಿನ ವರ್ಷ ಯಾವಾಗ ಮೇಡಂ ಅಂದೆ. ಇನ್ನಿಲ್ಲ ಕಣಮ್ಮ ಅಂದ್ರು. ಸರಿ ಅಂತ ಬಂದ್ಬಿಟ್ಟೆ."

ನಿಮಗೆ ಟ್ರಾನ್ಸ್‌ಫರ್ ಆಯ್ತು. ಒಂಬತ್ತು ವರ್ಷ ಆದ್ಮೇಲೆ ವಾಪಸ್ ಬಂದು ನೀವೇ ಎರಡನೇ ಹಬ್ಬ ಮಾಡಿದ್ರಿ, ಅದಾದ್ಮೇಲೆ ಹಬ್ಬ ಒಂದು ವರ್ಷಾನೂ ನಿಂತಿಲ್ಲ. ಆದ್ರೆ ಅಷ್ಟರಲ್ಲಿ ಮೋನಿಷಾಗೆ ಇಪ್ಪತ್ತು, ಬರೆಯೋದೇ ಬಿಟ್ಟಿದ್ಲು. ಅಜ್ಜಿ ಮತ್ತೆ ಪೆನ್ನು ಹಿಡಿದಿದ್ದು ಅರವತ್ತು ದಾಟಿದ ಮೇಲೆ. ಒಂದೇ ಒಂದು ತೆಳ್ಳನೆ ಪುಸ್ತಕ ಬರೆದ್ರು. ಲೈಬ್ರರೀಲಿದೆ, ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ, ಪ್ರತಿ ಸಲಾನೂ ಮುಗಿದೋಯ್ತಲ್ಲ ಅನ್ಸುತ್ತೆ. ಅವರು ನಿಮ್ಮನ್ನ ಒಂದು ದಿನಾನೂ ಬೈದಿಲ್ಲ. "ಪಾಪ, ಮೇಡಂ ಅವತ್ತು ರಾತ್ರಿಯೆಲ್ಲ ನಿದ್ದೆ ಮಾಡಿರ್ಲಿಲ್ಲ, ಕಣ್ಣು ಕೆಂಪಗಿತ್ತು" ಅಂತಿದ್ರು.

ನಾಳೆ ಬೆಳಿಗ್ಗೆ ಅವಳು ಬರ್ತಾಳೆ ಮೇಡಂ. ಅದಕ್ಕೇ ನನ್ನ ಓಲೇನ ನಿಮಗೆ ಕಳಿಸಿದ್ದು. ನೀವು ಬೇರೆ ಉತ್ತರ ಕೊಟ್ರೆ ಇಲ್ಲಿ ಏನಾಗುತ್ತೋ ಗೊತ್ತಿಲ್ಲ. ಅಜ್ಜಿ ಆ ಒಂಬತ್ತು ವರ್ಷ ಕಾಯದೇ ಹೋದ್ರೆ, ಅವತ್ತು ನನ್ನ ಪಕ್ಕ ಕೂತು ಅದನ್ನ ಹೇಳಿದ್ದೂ ಇಲ್ಲದಂಗಾಗಬಹುದು. ನನ್ನ ಬಾಲ್ಯದಿಂದ ನಾನು ಜೋಪಾನವಾಗಿ ಇಟ್ಕೊಂಡಿರೋ ಮಾತು ಅದೊಂದೇ. ಹೋದ್ರೆ ಹೋಗ್ಲಿ. ಅದರ ಬದಲಿಗೆ ಕಪಾಟಲ್ಲಿ ಅವರ ಇನ್ನೊಂದು ನಾಲ್ಕು ಪುಸ್ತಕ ಇದ್ರೆ ಸಾಕು, ನಾನು ಅದನ್ನ ಓದ್ಕೋತೀನಿ. ದೊಡ್ಡದಾಗೇನೂ ಮಾಡ್ಬೇಡಿ. ಮೈಕ್ ಬೇಡ, ಮೇಷ್ಟ್ರು ಬೇಡ, ಬಹುಮಾನ ಬೇಡ. ಹತ್ತು ಮಕ್ಕಳು, ಹತ್ತು ಹಾಳೆ, ಅದಲುಬದಲು. ಮರದ ಕೆಳಗಾದ್ರೂ ಸರಿ. ಟ್ರಾನ್ಸ್‌ಫರ್ ಆದ್ರೆ ಬೇರೆ ಯಾರಿಗಾದ್ರೂ ಹೇಳಿ ಹೋಗಿ. ನಿಮ್ಮ ಕೈಲಿ ಆಗಲ್ಲ ಅನ್ಸಿದ್ರೆ...

ಅಯ್ಯೋ, ಕರೀತಾ ಇದಾಳೆ. "ಅಪ್ಪಾ, ಎಲ್ಲಿದೀಯ, ನಾನೇ ನೆಕ್ಸ್ಟು" ಅಂತಿದಾಳೆ. ಬಂದೆ ಕಣವ್ವ, ಒಂದೇ ನಿಮಿಷ. ಮೇಡಂ, ಇಡ್ತೀನಿ. ನಿಮ್ಮ ಋಣ ತೀರಿಸೋಕೆ ನನ್ನ ಕೈಲಾಗಲ್ಲ, ತೀರಿಸೋ ಆಸೇನೂ ಇಲ್ಲ. ನಾಳೆ ಹತ್ತು ಗಂಟೆಗೆ ಗೇಟ್ ಹತ್ರ ಆ ಹುಡುಗಿ ಯಾವಾಗ ಅಂತ ಕೇಳಿದ್ರೆ, ಬಾಯಿಗೆ ಬಂದಿದ್ದು ಯಾವ್ದೋ ಒಂದು ತಾರೀಖು ಹೇಳಿಬಿಡಿ. ಮೂವತ್ತೊಂದು ಏಪ್ರಿಲ್ ಅಂದ್ರೂ ನಂಬ್ತಾಳೆ. ಬಂದೆ, ಬಂದೆ...