ಗುರುವಾರ ಹನ್ನೆರಡರವರೆಗಿನ ಮೌನ

ಮಾರ್ಚ್ 4, ವಿಯೆನ್ನಾ

ಮತ್ತೆ ದೇಶಗಳ ಒಕ್ಕೂಟದ ಸಭೆ. ಮೂರು ಗಂಟೆ. ವಾಕ್ಯದಲ್ಲಿ ಒಂದು ಅಲ್ಪವಿರಾಮ ಬೇಕೋ ಬೇಡವೋ ಅನ್ನುವುದಕ್ಕೇ ನಲವತ್ತು ನಿಮಿಷ ಹೋಯಿತು. ಕೊನೆಗೆ ನಮ್ಮ ಚೆಕ್ ರಾಯಭಾರಿ ಕಾಲಿವೋಡಾ ಎದ್ದು 1815ರ ವಿಯೆನ್ನಾ ಕಾಂಗ್ರೆಸ್, ಅಂದರೆ ರಾಜರೆಲ್ಲ ಸೇರಿ ಯೂರೋಪನ್ನು ಹಂಚಿಕೊಂಡ ಸಭೆಯ ಬಗ್ಗೆ ಭಾಷಣ ಬಿಗಿದ. ಆಗಲೂ ಇದೇ ಊರು. ಕುಣಿತ, ಊಟ, ಯಾರದೋ ನೆಲದ ಮೇಲೆ ಗೆರೆ. ಅದೇ ಹೆಮ್ಮೆಯಂತೆ ಇವನಿಗೆ. ಥೂ.

ಮಾರ್ಚ್ 9

ಒಪ್ಪಂದದ ಕರಡು ಬಂತು. ಕದನವಿರಾಮದ ಹೆಸರಲ್ಲಿ ಡುಬ್ರೀವ್ಕಾ ಪಟ್ಟಣದಿಂದ ನಮ್ಮ ಒಕ್ಕೂಟದ ವೀಕ್ಷಕರು ವಾಪಸ್. ಅಂದರೆ ಪಟ್ಟಣ ಎದುರಾಳಿ ಸೈನ್ಯದ ಬಾಯಿಗೆ. ಹಾಗಂತ ಬರೆದಿಲ್ಲ— 'ಮರುಹೊಂದಾಣಿಕೆ' ಅಂತ ಬರೆದಿದ್ದಾರೆ.

ಅಲ್ಲಿನ ಮೇಯರ್ ಹಲಿನಾ ಮೂವತ್ತು ಗಂಟೆ ಬಸ್ಸಲ್ಲಿ ಕೂತು ಬಂದಿದ್ದಾಳೆ. ಸಭೆಗೆ ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಕೂರಿಸಿದರು.

"ಮ್ಯೂನಿಕ್‌ನಲ್ಲೂ ನಮ್ಮ ನೆಲ ಹರಿದು ಕೊಡೋವಾಗ ನಮ್ಮ ಚೆಕ್ ಪ್ರತಿನಿಧಿಗಳನ್ನ ಹೀಗೇ ಹೋಟೆಲಲ್ಲಿ ಕೂರಿಸಿದ್ರು ಸಾರ್" ಅಂದೆ.

"ಶುರು ಹಚ್ಕೊಂಡ್ರಾ ಮೇಷ್ಟ್ರೇ!" ಕಾಲಿವೋಡಾ ನಕ್ಕ. ಹಿಂದೆ ಇತಿಹಾಸ ಪಾಠ ಮಾಡುತ್ತಿದ್ದೆನಲ್ಲ, ಅದಕ್ಕೇ ಈ ಬಿರುದು. "ಅದು 1938 ಕಣಯ್ಯಾ. ಇಲ್ಲಿ ಕಾಫಿನಾದ್ರೂ ಚೆನ್ನಾಗಿದೆ."

ಮಾರ್ಚ್ 11, ಬುಧವಾರ

ಕರಡನ್ನು 'ಮೌನ'ಕ್ಕೆ ಹಾಕಿದರು. ಇಲ್ಲಿಯ ಪದ್ಧತಿ. ನಾಳೆ ಹನ್ನೆರಡರೊಳಗೆ ಒಂದೇ ಒಂದು ದೇಶ ಆಕ್ಷೇಪ ಕಳಿಸಿದರೂ ಕರಡು ಬಿತ್ತು. ಯಾರೂ ಕಳಿಸದಿದ್ದರೆ ಎಲ್ಲರೂ ಒಪ್ಪಿದಂತೆ. ಕೈ ಎತ್ತಬೇಕಿಲ್ಲ, ಮುಖ ತೋರಿಸಬೇಕಿಲ್ಲ. ಹೇಡಿಗಳ ಅಳತೆಗೇ ಹೊಲಿಸಿದ ಅಂಗಿ.

ಕಾಲಿವೋಡಾ ಸ್ಕೀಯಿಂಗ್‌ಗೆ ಹೊರಟ. "ನಾಳೆ ನೀನೇ ಇನ್‌ಚಾರ್ಜ್. ಆದ್ರೆ ಪ್ರಾಗ್‌ನಲ್ಲಿರೋ ನಮ್ಮ ಇಲಾಖೆನ ಕೇಳದೆ ಏನೂ ಮಾಡ್ಕೋಬೇಡ." ಜಾರಿಕೊಳ್ಳುವುದರಲ್ಲಿ ನಿಸ್ಸೀಮ.

ಹಲಿನಾ ಕೇಳಿದಳು, "ಅಷ್ಟು ದೇಶದಲ್ಲಿ ಒಬ್ರಾದ್ರೂ ಬಾಯಿ ಬಿಡ್ತೀರೇನ್ರೀ?"

"ಬಿಡ್ತೀವಮ್ಮ" ಅಂದೆ.

ಮಾರ್ಚ್ 12, 11.20

ಆಕ್ಷೇಪ ಬರೆದಿಟ್ಟೆ. ಎರಡೇ ಸಾಲು. ಪ್ರಾಗ್‌ಗೆ ಮೂರು ಸಲ ಕೇಳಿದೆ. ಉತ್ತರವಿಲ್ಲ. ಎಲ್ಲಿ ಸತ್ತರೋ.

11.50

ಅನುಮತಿ ಇಲ್ಲದೆ ಕಳಿಸಿದರೆ ಕೆಲಸ ಹೋಗುತ್ತೆ. ಹೋದರೆ ಹೋಗಲಿ... ಇನ್ನೈದು ನಿಮಿಷ ನೋಡೋಣ.

11.57

ಇನ್ನೊಂದೇ ನಿಮಿಷ. ಬೇರೆ ಯಾರಾದರೂ ಕಳಿಸಿರಬಹುದು.

12.04

ಕರಡು ಅಂಗೀಕಾರ. ಅಧ್ಯಕ್ಷರಿಂದ ಎಲ್ಲರಿಗೂ ಅಭಿನಂದನೆ, ನನಗೂ ಒಂದು ಪ್ರತಿ.

ಪ್ರಾಗ್ ಉತ್ತರ ಈಗ ಬಂತು: 'ನಿಮ್ಮ ವಿವೇಚನೆಗೆ ಬಿಟ್ಟದ್ದು.'

ಇಷ್ಟು ದಿನ ಇವರನ್ನೆಲ್ಲ ಹೇಡಿಗಳೆಂದು ಗೀಚಿದೆ. ಬರೆದಿಟ್ಟ ಎರಡು ಸಾಲು ಕಳಿಸಲು ನನ್ನ ಕೈಲಾಗಲಿಲ್ಲ. ನಾಚಿಕೆಯಾಗುತ್ತಿದೆ.

ಹಲಿನಾ ಬಾಗಿಲಲ್ಲಿ ನಿಂತಿದ್ದಾಳೆ. "ಹನ್ನೆರಡಾಯ್ತಲ್ಲ ಸಾರ್, ಯಾರು ಕಳಿಸಿದ್ರು?" ಅನ್ನುತ್ತಿದ್ದಾಳೆ. ಕೆಲಸವಿರುವವನ ಹಾಗೆ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಎದ್ದು ಹೇಳಬೇಕು. ಯಾರೂ ಇಲ್ಲಮ್ಮ, ನಾನೂ—