ಮಧ್ಯಾಹ್ನದಿಂದ ಶುರುವಾಗುವ ದಿನ

ಪ್ರೀತಿಯ ಭಾವ,

ಮೇಲಿನ ಕೋಣೆಯಲ್ಲಿ ಕೂತು ಕೆಳಗಿನ ಕೋಣೆಗೆ ಕಾಗದ ಬರೆಯುವ ಹುಚ್ಚಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹದಿನಾಲ್ಕು ಮೆಟ್ಟಿಲು ಇಳಿದರೆ ನೀವು ಸಿಗುತ್ತೀರಿ. ಈಗಲೂ ನೀವು ಕುರ್ಚಿ ಎಳೆದುಕೊಂಡ ಸದ್ದು, ಪೆನ್ಸಿಲ್ ಹೆರೆಯುವ ಸದ್ದು ಕೇಳಿಸುತ್ತಿದೆ. ಆದರೆ ಎದುರಿಗೆ ಬಂದು ಹೇಳಿದರೆ ನಾನು ಮಾತು ಮುಗಿಸುವ ಮೊದಲೇ ನೀವು "ಹೋಗ್ಲಿ ಬಿಡಮ್ಮ" ಅಂದುಬಿಡುತ್ತೀರಿ. ನಾನೂ ಬದುಕಿದೆಯಾ ಬಡಜೀವವೇ ಎಂದು ಮೆಟ್ಟಿಲು ಹತ್ತಿ ವಾಪಸ್ ಬಂದುಬಿಡುತ್ತೇನೆ. ಅಷ್ಟು ಸಲೀಸಾಗಿ ಮುಗಿಸುವ ವಿಷಯವಲ್ಲ ಇದು. ಹತ್ತೊಂಬತ್ತು ದಿನದಿಂದ ನಿಮ್ಮ ಲೆಕ್ಕದಲ್ಲಿ ನೀವು ಹುಡುಕುತ್ತಿರುವ ತಪ್ಪು ಎಲ್ಲಿದೆ ಎಂದು ನನಗೆ ಗೊತ್ತು. ನೀವು ಹುಡುಕಲು ಶುರುಮಾಡುವ ಹಿಂದಿನ ಸಂಜೆಯಿಂದಲೇ ಗೊತ್ತು.

ಸಿಟ್ಟು ಮಾಡಿಕೊಳ್ಳಿ, ಆದರೆ ಪೂರ್ತಿ ಓದಿ. ನೀವು ಯಾವ ಕಾಗದವನ್ನೂ ಅರ್ಧಕ್ಕೆ ಬಿಡುವವರಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದಾಗ ನೀವು ಬಂದರು ಕಚೇರಿಯಿಂದ ನಿವೃತ್ತರಾಗಿ ಆರು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಸಮುದ್ರದ ಉಬ್ಬರ ಇಳಿತದ ವೇಳಾಪಟ್ಟಿ ಬರೆದ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆ? ಅಕ್ಕನ ಹೊಲಿಗೆ ಅಂಗಡಿಗೆ ಹೋಗಿ ಡಬ್ಬಿಗಳಲ್ಲಿದ್ದ ಗುಂಡಿಗಳನ್ನೆಲ್ಲ ಸುರಿದು, ಅಡ್ಡಳತೆ ನೋಡಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟಿರಿ. ಬಣ್ಣದ ಪ್ರಕಾರ ಇಟ್ಟುಕೊಂಡಿದ್ದ ಅಕ್ಕನಿಗೆ ತನ್ನ ಅಂಗಡಿಯಲ್ಲಿ ತನಗೇ ಒಂದು ಗುಂಡಿ ಸಿಗದಂತಾಯಿತು. "ಇವರನ್ನ ಸ್ವಲ್ಪ ಮೇಲೆ ಕರ್ಕೊಂಡು ಹೋಗೆ, ನಿನ್ನ ಆಟ ಗೀಟ ಏನಾದ್ರೂ ತೋರಿಸು" ಎಂದು ನಿಮ್ಮನ್ನು ನನ್ನ ತಲೆಗೆ ಕಟ್ಟಿದಳು. ಆ ದಿನ ಅವಳನ್ನು ನಾನು ಬೈದುಕೊಂಡಿದ್ದೆ. ಈಗ ನೆನೆದರೆ ಅವಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಕಂಪ್ಯೂಟರ್ ಆಟಕ್ಕೆ ಆಗ ಒಂಬತ್ತು ವರ್ಷ. ನಾಲ್ಕು ಜನ ಸೇರಿ ನಡೆಸುವ ಪುಟ್ಟ ಕಂಪನಿ. ಎಲ್ಲೆಲ್ಲಿಂದಲೋ ಸಾವಿರಾರು ಜನ ಬಂದು ಸೇರಿಕೊಂಡು, ಒಂದೊಂದು ಹಡಗು ಕಟ್ಟಿಕೊಂಡು, ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುತ್ತಾರೆ. ಆರು ಗ್ರಹ, ಹನ್ನೊಂದು ಚಂದ್ರ, ಮಧ್ಯೆ ಒಂದು ಸೂರ್ಯ. ಇದೆಲ್ಲ ನಿಮಗೆ ವಿವರಿಸಿ, ನೀವು ಬೆರಗಾಗುತ್ತೀರಿ ಎಂದು ಕಾಯುತ್ತಿದ್ದೆ. ನೀವು ಕನ್ನಡಕ ಒರೆಸಿಕೊಂಡು ಐದು ನಿಮಿಷ ನೋಡಿ, "ಇವೆಲ್ಲ ಯಾಕೆ ನಿಂತಲ್ಲೇ ನಿಂತಿವೆ? ಮುಷ್ಕರಾನಾ?" ಎಂದು ಕೇಳಿದಿರಿ.

ನನಗೆ ಉರಿದುಹೋಯಿತು. "ಇದು ಆಟ ಭಾವ, ಯಾರು ನೋಡ್ತಾರೆ ಅದನ್ನೆಲ್ಲ?" ಅಂದೆ. "ಹಡಗು ನಡೆಸೋರು ನೋಡ್ತಾರೆ. ಹಡಗು ನಡೆಸೋರು ಎಲ್ಲಾನೂ ನೋಡ್ತಾರೆ" ಅಂದಿರಿ. ನಿಜ ಹೇಳಬೇಕೆಂದರೆ ಆಟಗಾರರು ನಾಲ್ಕು ವರ್ಷದಿಂದ ಅದನ್ನೇ ಕೇಳುತ್ತಿದ್ದರು. ಗ್ರಹಗಳು ಸುತ್ತಲಿ, ದೂರ ಹತ್ತಿರ ಆಗಲಿ, ಹೊರಡುವ ದಿನ ನೋಡಿ ಹೊರಡುವಂತಾಗಲಿ ಎಂದು. ನಾನು ಎರಡು ಸಲ ಪ್ರಯತ್ನಪಟ್ಟು ಕೈಬಿಟ್ಟಿದ್ದೆ. ಪ್ರತಿ ಕ್ಷಣಕ್ಕೂ ಗ್ರಹವನ್ನು ಒಂದೊಂದು ಹೆಜ್ಜೆ ಮುಂದೆ ತಳ್ಳುವಂತೆ ಬರೆದಿದ್ದೆ. ಹೆಜ್ಜೆ ಹೆಜ್ಜೆಗೂ ಕೂದಲೆಳೆಯಷ್ಟು ತಪ್ಪು ಸೇರಿಕೊಂಡು, ಮೂರನೆಯ ದಿನಕ್ಕೆ ಒಂದು ಚಂದ್ರ ಹೇಳದೆ ಕೇಳದೆ ಹೊರಟುಹೋಯಿತು. ಎರಡನೆಯ ಸಲ ಒಳಗಿನ ಗ್ರಹ ಸೀದಾ ಸೂರ್ಯನೊಳಗೆ ಬಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಮಾತ್ರ ಹೇಳಿದೆ.

ನೀವು ನಗಲಿಲ್ಲ. "ನಾಳೆ ನೀರು ಎಷ್ಟು ಹೊತ್ತಿಗೆ ಏರುತ್ತೆ ಅಂತ ಹೇಳೋಕೆ ಇವತ್ತಿನ ಅಲೆ ಹಿಂದೆ ಓಡಬೇಕಾ? ಗಡಿಯಾರ ನೋಡು, ಲೆಕ್ಕ ಹಾಕು, ಮುಗೀತು" ಅಂದಿರಿ. ಅಂದರೆ ಗ್ರಹ ನಿನ್ನೆ ಎಲ್ಲಿತ್ತು ಎಂಬುದರ ಗೊಡವೆಯೇ ಬೇಡ; ಸಮಯ ಗೊತ್ತಿದ್ದರೆ ಜಾಗ ನೇರವಾಗಿ ಸಿಗುತ್ತದೆ, ಹೊಸ ತಪ್ಪು ಹಳೆಯದರ ಮೇಲೆ ಕೂರುವುದಿಲ್ಲ. ಎರಡು ವರ್ಷ ನಾನು ತಲೆ ಚಚ್ಚಿಕೊಂಡದ್ದನ್ನು ನೀವು ಚಹಾ ಆರುವುದರೊಳಗೆ ಬಿಡಿಸಿದಿರಿ. ಆಮೇಲೆ ಅಕ್ಕನ ಎರಡು ಗುಂಡುಸೂಜಿ, ಒಂದು ದಾರ ತಂದು ಕಾಗದದ ಮೇಲೆ ಕಕ್ಷೆ ಎಳೆದು ತೋರಿಸಿದಿರಿ. ಸೂರ್ಯನ ಹತ್ತಿರ ಬಂದಾಗ ಗ್ರಹ ಓಡುತ್ತದೆ, ದೂರ ಹೋದಾಗ ಮೈಗಳ್ಳತನ ಮಾಡುತ್ತದೆ, ಆದರೆ ಸುತ್ತು ಮುಗಿಸುವ ಹೊತ್ತಿಗೆ ಒಂದು ಕ್ಷಣವೂ ತಡವಾಗುವುದಿಲ್ಲ ಎಂದಿರಿ. ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಪಾಸಾದ ಪಾಠವೇ ಅದು. ಅರ್ಥವಾದದ್ದು ಆ ದಿನ.

ಆಮೇಲಿನ ಏಳು ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು ಭಾವ. ಇದನ್ನು ನಿಮಗೆ ಯಾವತ್ತೂ ಹೇಳಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಚೇರಿಗೆ ಹೋಗುವವರ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದಿರಿ. ಬಾಗಿಲು ತೆರೆದಿದ್ದರೂ ತಟ್ಟುತ್ತಿದ್ದಿರಿ. ಒಂದೊಂದು ಗ್ರಹಕ್ಕೂ ಕಕ್ಷೆ ಎಷ್ಟು ಉದ್ದ, ಎಷ್ಟು ವಾಲಿದೆ, ಮೊದಲ ದಿನ ಎಲ್ಲಿಂದ ಹೊರಡಬೇಕು ಎಂದು ಲೆಕ್ಕ ಹಾಕಿ, ಅದನ್ನೇ ಮಾರನೆಯ ದಿನ ಹಿಂದಿನ ಹಾಳೆ ನೋಡದೆ ಮತ್ತೊಮ್ಮೆ ಹಾಕುತ್ತಿದ್ದಿರಿ. ಎರಡೂ ತಾಳೆಯಾದರೆ ಮಾತ್ರ ಶಾಯಿಯಲ್ಲಿ ಬರೆಯುವುದು. ನಾನು ಗಡಿಬಿಡಿ ಮಾಡಿದಾಗ, "ನನ್ನ ಪಟ್ಟಿ ನಂಬಿ ಜನ ದೋಣಿ ಇಳಿಸ್ತಿದ್ರು ಕಣಮ್ಮ. ಒಂದು ಅಂಕಿ ಆಚೀಚೆ ಆದ್ರೆ ದೋಣಿ ಮರಳಿನ ಮೇಲೆ ಕೂರುತ್ತೆ" ಅಂದಿರಿ. ಮೂವತ್ತೊಂದು ವರ್ಷದಲ್ಲಿ ನಿಮ್ಮ ಪಟ್ಟಿಯಿಂದ ಒಂದು ದೋಣಿಯೂ ಮರಳಿನ ಮೇಲೆ ಕೂರಲಿಲ್ಲ ಎಂದು ಹೇಳಿದವಳು ಅಕ್ಕ, ನೀವು ಹೇಳಿಕೊಂಡವರಲ್ಲ.

ಗ್ರಹಣದ ಮಧ್ಯಾಹ್ನ ನೆನಪಿದೆಯಾ? ಪರೀಕ್ಷೆಗೆಂದು ಇಟ್ಟಿದ್ದ ಕಂಪ್ಯೂಟರಿನಲ್ಲಿ, ಹನ್ನೆರಡು ಗಂಟೆಗೆ ಸರಿಯಾಗಿ ನೀವೇ ಚಾಲೂ ಮಾಡಿದ ಗ್ರಹಗಳು ಓಡುತ್ತಿದ್ದವು. ನೀವು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ 'ಮೂರು ಗಂಟೆ ಹನ್ನೆರಡು ನಿಮಿಷ' ಎಂದು ಬರೆದು ಅಕ್ಕನನ್ನು ಕೂಗಿದಿರಿ. ಅವಳು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದಳು. ಮೂರು ಹನ್ನೆರಡಕ್ಕೆ ಸರಿಯಾಗಿ ನಾಲ್ಕನೆಯ ಗ್ರಹದ ದೊಡ್ಡ ಚಂದ್ರ ಸೂರ್ಯನ ಮುಂದೆ ಬಂದು, ಆ ಗ್ರಹದ ನೆಲದ ಮೇಲೆ ನಿಂತಿದ್ದ ನಮ್ಮ ಹಡಗಿಗೆ ಕತ್ತಲು ಕವಿಯಿತು. ಆಟದಲ್ಲಿ ಗ್ರಹಣ ಎಂಬುದನ್ನು ನಾನು ಬರೆದೇ ಇರಲಿಲ್ಲ ಭಾವ. ಅದು ತಾನಾಗಿ ಆದದ್ದು, ನಿಮ್ಮ ಲೆಕ್ಕ ಸರಿಯಿದ್ದುದರಿಂದ ಆದದ್ದು. ಗಂಡನ ಕೆಲಸವನ್ನು ಒಂದು ದಿನವೂ ಹೊಗಳದ ಅಕ್ಕ, "ನೀವು ಇದನ್ನೇ ಮಾಡ್ತಿದ್ರಾ ಇಷ್ಟು ವರ್ಷ?" ಎಂದು ಕೇಳಿದಳು. ನನ್ನ ಕಣ್ಣು ತುಂಬಿತ್ತು. ಧೂಳು ಅಂತ ಸುಳ್ಳು ಹೇಳಿದೆ.

ಈಗ ತಪ್ಪಿನ ವಿಷಯ.

ಅರವತ್ತನಾಲ್ಕು ಹಾಳೆ ಮುಗಿದ ದಿನ ನೀವು ಅವನ್ನು ದಾರದಿಂದ ಕಟ್ಟಿ ನನ್ನ ಮುಂದೆ ಇಟ್ಟಿರಿ. ನಿಮ್ಮ ಕಚೇರಿಯ ಪದ್ಧತಿಯಂತೆ ಕೊನೆಯಲ್ಲಿ ಎರಡು ಸಾಲು: 'ಲೆಕ್ಕ ಹಾಕಿದವರು' ಎಂಬಲ್ಲಿ ನಿಮ್ಮ ಸಹಿ, 'ತಾಳೆ ನೋಡಿದವರು' ಎಂಬಲ್ಲಿ ಖಾಲಿ. "ಪೂರ್ತಿ ನೋಡಿ ಆಮೇಲೆ ಹಾಕು" ಅಂದಿರಿ. ನೀವು ಬೆನ್ನು ತಿರುಗಿಸಿದ್ದೇ ತಡ, ನಾನು ಅಲ್ಲೇ ನಿಂತುಕೊಂಡೇ ಹಾಕಿಬಿಟ್ಟೆ. ನಿಮ್ಮ ಲೆಕ್ಕವನ್ನು ನಾನೇನು ನೋಡುವುದು ಎಂಬ ಭಕ್ತಿ ಅಂತ ಆಗ ಅಂದುಕೊಂಡೆ. ಅದು ಭಕ್ತಿಯಲ್ಲ, ಸೋಮಾರಿತನ.

ಮೊದಲ ಹಾಳೆಯ ಮೊದಲ ಸಾಲಿನಲ್ಲೇ, ಕೆಂಪು ಶಾಯಿಯಲ್ಲಿ, ಅಡಿಗೆರೆ ಹಾಕಿ ನೀವು ಬರೆದಿದ್ದಿರಿ: 'ದಿನದ ಆರಂಭ ಮಧ್ಯಾಹ್ನ ಹನ್ನೆರಡಕ್ಕೆ.' ರಾತ್ರಿ ಪಾಳಿಯಲ್ಲಿ ನೀರಿನ ಮಟ್ಟ ಬರೆಯುವವರು ನಡುವೆ ತಾರೀಕು ಬದಲಿಸಿ ಎಡವಟ್ಟು ಮಾಡಿಕೊಳ್ಳಬಾರದು ಎಂದು ನಿಮ್ಮ ಕಚೇರಿಯಲ್ಲಿ ದಿನವನ್ನು ಮಧ್ಯಾಹ್ನದಿಂದ ಎಣಿಸುತ್ತಾರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಎಲ್ಲರ ದಿನವೂ ಮಧ್ಯರಾತ್ರಿಯಿಂದ ತಾನೇ ಎಂದು ನಾನು ಆಟ ನಡೆಸುವ ಸರ್ವರ್‌ನಲ್ಲಿ ಹಾಗೇ ಹಾಕಿದೆ. ನಿಮ್ಮ ಹಾಳೆಗಳಿಂದಲೇ ಅಚ್ಚುಮಾಡಿದ ಪ್ರಯಾಣದ ವೇಳಾಪಟ್ಟಿಯನ್ನು ಆಟಗಾರರಿಗೆ ಹಂಚಿದೆವಲ್ಲ, ಅವರು ಆ ಮೊದಲ ಸಾಲನ್ನು ಓದಿದರು. ನಾನು ಓದಲಿಲ್ಲ.

ಗ್ರಹಗಳು ಸುತ್ತುವ ಹೊಸ ಆಕಾಶ ತೆರೆದ ದಿನ ನಾನೂರು ಹಡಗು ಒಟ್ಟಿಗೆ ಹೊರಟವು. ವೇಳಾಪಟ್ಟಿ ಹೇಳಿದ ಕಡೆಗೆ, ಹೇಳಿದ ಹೊತ್ತಿಗೆ ಬಂದವು. ಅಲ್ಲಿ ಗ್ರಹವೇ ಇರಲಿಲ್ಲ. ನಮ್ಮ ಅರ್ಧ ದಿನದಲ್ಲಿ ಒಳಗಿನ ಗ್ರಹ ತನ್ನ ಸುತ್ತಿನ ಕಾಲು ಭಾಗ ಸರಿದುಬಿಡುತ್ತದೆ. ಎಂಟು ತಿಂಗಳಿಂದ ಕೂಡಿಟ್ಟ ಇಂಧನ ಸುಟ್ಟು ಬಂದವರು ಬಟ್ಟ ಬಯಲಿನಲ್ಲಿ ನಿಂತರು. ಬೈಗುಳದ ಸುರಿಮಳೆ. ನಮ್ಮ ಕಂಪನಿಯ ಯಜಮಾನರು ಫೋನ್ ಮಾಡಿ, "ಹಳೇ ಆಕಾಶ ವಾಪಸ್ ಹಾಕು, ಯಾರ ತಪ್ಪು ಅಂತ ಈಗ್ಲೇ ಬರಿ" ಅಂದರು. ನಾನು ಹೆದರಿಹೋಗಿ, ಏನೂ ನೋಡದೆ, ಆಟದ ಪುಟದಲ್ಲಿ ಪ್ರಕಟಣೆ ಹಾಕಿದೆ: 'ಹೊರಗಿನವರು ಹಾಕಿಕೊಟ್ಟ ಲೆಕ್ಕದಲ್ಲಿ ದೋಷವಿತ್ತು.'

ಹೊರಗಿನವರು. ಏಳು ತಿಂಗಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು.

ಅದಾಗಿ ಮೂರು ತಾಸಿಗೆ ಕೆಂಪು ಸಾಲು ಕಣ್ಣಿಗೆ ಬಿತ್ತು. ಒಂದೇ ಒಂದು ಅಂಕಿ ಬದಲಿಸಿದೆ, ಎಲ್ಲ ಸರಿಹೋಯಿತು. ಹಡಗುಗಳಿಗೆ ಇಂಧನ ವಾಪಸ್ ಕೊಟ್ಟೆ. ಒಂದು ವಾರದಲ್ಲಿ ಬೈದವರೇ ಹೊಗಳತೊಡಗಿದರು. ಪ್ರಕಟಣೆಯನ್ನು ಮಾತ್ರ ಹಾಗೇ ಬಿಟ್ಟೆ. ನೀವು ಅದನ್ನು ಮಾರನೆಯ ಬೆಳಿಗ್ಗೆ ಓದಿದಿರಿ. "ಎಲ್ಲಿ ತಪ್ಪಿತ್ತಮ್ಮ?" ಎಂದು ಒಂದೇ ಸಲ ಕೇಳಿದಿರಿ. "ಸರಿಹೋಯ್ತಲ್ಲ, ಬಿಡಿ ಭಾವ" ಅಂದೆ. ನೀವು ಹಾಳೆಗಳ ಕಟ್ಟು ತೆಗೆದುಕೊಂಡು ಕೆಳಗೆ ಹೋದಿರಿ. ಅವತ್ತಿನಿಂದ ಒಂಬತ್ತಕ್ಕೆ ನನ್ನ ಬಾಗಿಲು ತಟ್ಟಿಲ್ಲ.

ಇಷ್ಟು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ. ನಿನ್ನೆ ಅಕ್ಕ ಬಟ್ಟೆ ಕತ್ತರಿಸುತ್ತಾ ಎರಡು ವಿಷಯ ಹೇಳಿದಳು. ನಿವೃತ್ತಿಯ ನಂತರವೂ ಬಂದರಿನವರು ಮುಂದಿನ ವರ್ಷದ ಪಟ್ಟಿಯನ್ನು ಅಚ್ಚಿಗೆ ಮೊದಲು ನಿಮಗೇ ಕಳಿಸುತ್ತಾರಲ್ಲ, ಈ ಸಲ ನೀವು ಕಟ್ಟು ಬಿಚ್ಚದೆ ವಾಪಸ್ ಕಳಿಸಿದಿರಂತೆ. "ನನ್ನ ಲೆಕ್ಕ ಈಗ ನಂಬೋ ಹಾಗಿಲ್ಲ" ಅಂದಿರಂತೆ. ಇನ್ನೊಂದು, ಅವಳು ರೇಗಿ "ಅವಳ ಕಡೆಯಿಂದ ತಪ್ಪಾಗಿರಬಹುದಲ್ರೀ, ಒಂದು ಮಾತು ಕೇಳಬಾರದಾ?" ಅಂದಾಗ ನೀವು ಹೇಳಿದ್ದು: "ತಾಳೆ ನೋಡಿದೀನಿ ಅಂತ ಅವಳ ಸಹಿ ಇದೆ. ಅವಳು ನೋಡದೆ ಹಾಕೋಳಲ್ಲ."

ಅರವತ್ತನಾಲ್ಕು ಹಾಳೆಯ ಪ್ರತಿ ಅಂಕಿಯನ್ನೂ ನೀವು ಅನುಮಾನಿಸಿದಿರಿ ಭಾವ. ನಿಮ್ಮ ಕಣ್ಣನ್ನು ಅನುಮಾನಿಸಿದಿರಿ, ವಯಸ್ಸನ್ನು ಅನುಮಾನಿಸಿದಿರಿ, ಮೂವತ್ತೊಂದು ವರ್ಷದ ಕೈಯನ್ನು ಅನುಮಾನಿಸಿದಿರಿ. ನನ್ನೊಬ್ಬಳನ್ನು ಬಿಟ್ಟಿರಿ.

ಇವತ್ತು ಬೆಳಿಗ್ಗೆ ಹಳೆಯ ಪ್ರಕಟಣೆಯ ಮೇಲೆ ಹೊಸದು ಹಾಕಿದ್ದೇನೆ. ಲೆಕ್ಕದಲ್ಲಿ ದೋಷವಿರಲಿಲ್ಲ, ಓದದೆ ಸಹಿ ಹಾಕಿದವಳು ನಾನು, ಲೆಕ್ಕ ಹಾಕಿದವರು ನನ್ನ ಭಾವ ಎಂದು ಬರೆದಿದ್ದೇನೆ. ಯಜಮಾನರಿಗೂ ಹೇಳಿದೆ, ಚೆನ್ನಾಗಿ ಬೈಸಿಕೊಂಡೆ. ಆಟಗಾರರಲ್ಲಿ ಲಾರಿ ಓಡಿಸುವವರೊಬ್ಬರಿದ್ದಾರೆ, 'ಕೆಂಪಲ್ಲಿ ಬರೆದಿದ್ದು ನಮಗೆ ಕಾಣ್ತು, ನಿಮಗೆ ಕಾಣ್ಲಿಲ್ವಾ ತಾಯಿ?' ಎಂದು ಕೇಳಿದ್ದಾರೆ. 'ನಾನು ಓದಲೇ ಇಲ್ಲ' ಎಂದು ಬರೆದೆ. ಕಟ್ಟಿನ ಕೊನೆಯಲ್ಲಿರುವ ನನ್ನ ಸಹಿಯನ್ನು ನೀವೇ ಕೈಯಾರೆ ಹೊಡೆದುಹಾಕಿ.

ಬಂದರು ಕಚೇರಿಗೂ ಫೋನ್ ಮಾಡಿದೆ. ನಿಮ್ಮ ಜಾಗಕ್ಕೆ ಬಂದವರು ಎಲ್ಲ ಕೇಳಿಸಿಕೊಂಡು, "ಅವರು ನೋಡ್ದೆ ಅಚ್ಚಿಗೆ ಕಳಿಸೋಕೆ ನಂಗೆ ಧೈರ್ಯ ಇರಲಿಲ್ಲ, ಹಾಗೇ ಇಟ್ಕೊಂಡಿದೀನಿ" ಅಂದರು. ನಾಳೆ ಹನ್ನೊಂದಕ್ಕೆ ಕಟ್ಟು ಮತ್ತೆ ಬರುತ್ತದೆ. ಇಲ್ಲದ ತಪ್ಪನ್ನು ಹುಡುಕುವುದು ಈಗ ನಿಲ್ಲಿಸಿ ಭಾವ. ನಾಳೆಯ ಕಟ್ಟು ಬಿಚ್ಚಿ.

ನಿಮ್ಮ ಕಣ್ಣು, ನಿಮ್ಮ ಕೈ, ನಿಮ್ಮ ಕೆಂಪು ಶಾಯಿ ನೂರು ಕಾಲ ಚೆನ್ನಾಗಿರಲಿ. ಈ ಕಾಗದವನ್ನು ಅಕ್ಕನ ಕೈಯಲ್ಲಿ ಕಳಿಸಿ, ಕೊನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ 'ಹೋಗ್ಲಿ ಬಿಡು' ಅನ್ನಬೇಡಿ. ಬೈಯಿರಿ.

ನಿಮ್ಮ ನಾದಿನಿ,
ಈ ಸಲ ಪೂರ್ತಿ ಓದಿ, ಎರಡು ಸಲ ತಾಳೆ ನೋಡಿ, ಆಮೇಲೆ ಸಹಿ ಹಾಕಿದವಳು